ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಪೆರುಂಗುಡಿಯ ಆಫೀಸುಗಳ ಕ್ಯಾಂಟೀನಿನಲ್ಲಿ ಈಗ ಫ್ಲ್ಯಾಟಿನ ಬೆಲೆ, ಮಕ್ಕಳ ಸ್ಕೂಲು, ಗ್ರೀನ್ ಕಾರ್ಡುಗಳ ಜೊತೆಗೆ ಇನ್ನೊಂದು ವಿಷಯವೂ ಸೇರಿಕೊಂಡಿದೆ. "ಅಪ್ಪನಿಗೆ ಒಂದು ಒಳ್ಳೇ ಹೋಮ್ ಬೇಕು, ಗೊತ್ತಿದ್ರೆ ಹೇಳಿ." ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ. ಹೇಳುವವರು ಮಾತ್ರ ದನಿ ಏರಿಸಿಯೇ ಹೇಳುತ್ತಾರೆ: ಅಲ್ಲಿ ಲಾಬಿ ಹೋಟೆಲ್ ತರಹ ಇದೆ, ಇಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕದ ಊಟ ಸಿಗುತ್ತೆ, ಮತ್ತೊಂದರಲ್ಲಿ ಮೊಬೈಲಿನಲ್ಲೇ ಬಿಪಿ ನೋಡಬಹುದು. ಅಪ್ಪ ಮಿಲಿಟರಿಯಲ್ಲಿದ್ದವರು ಅಂದರೆ ಇನ್ನೂ ಒಂದು ಸೇರುತ್ತದೆ: "ಅದನ್ನ ನಡೆಸೋರು ರಿಟೈರ್ಡ್ ಕರ್ನಲ್ ಕಣ್ರೀ, ಡಿಸಿಪ್ಲಿನ್ ಅಂದ್ರೆ ಡಿಸಿಪ್ಲಿನ್."

ನನ್ನ ತಕರಾರು ಈ ಉತ್ತರಗಳ ಮೇಲೆ. ಲಾಬಿ, ಊಟ, ಆ್ಯಪ್, ಕರ್ನಲ್ ಈ ನಾಲ್ಕರಲ್ಲಿ ಯಾವುದೂ ಹಾಸಿಗೆ ಹಿಡಿದ ಒಬ್ಬ ಮುದುಕರನ್ನು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಿ ಮಲಗಿಸುವುದಿಲ್ಲ. ಆ ಕೆಲಸ ಮಾಡುವವರು ಎಷ್ಟು ಜನ, ಅವರಿಗೆ ಸಂಬಳ ಎಷ್ಟು, ಅವರ ಮಾತು ಆ ಮುದುಕರಿಗೆ ಅರ್ಥವಾಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಇದನ್ನು ಬರೆಯಲು ಕಾರಣ ನನ್ನ ದೊಡ್ಡಪ್ಪ. ಹಾಸನ ಜಿಲ್ಲೆಯವರು, 1962ರಲ್ಲಿ ಮದ್ರಾಸ್ ಸ್ಯಾಪರ್ಸ್ ಸೇರಿ ಬೆಂಗಳೂರಿನ ಹಲಸೂರಿನಲ್ಲಿ ತರಬೇತಿ ಪಡೆದು, 71ರಲ್ಲಿ ಪಶ್ಚಿಮ ಗಡಿಯಲ್ಲಿ ಮೈನ್ ತೆಗೆದು, ಸುಬೇದಾರರಾಗಿ ನಿವೃತ್ತರಾದವರು. ಈಗ ಮರೆವಿನ ಕಾಯಿಲೆ. ಒಬ್ಬಳೇ ಮಗಳು, ನಮ್ಮ ಅಕ್ಕ, ಇರುವುದು ಪೆರುಂಗುಡಿಯ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಹಾಗಾಗಿ ಒಂದೂವರೆ ವರ್ಷದಿಂದ ದೊಡ್ಡಪ್ಪ ಇಲ್ಲೇ ಹತ್ತಿರದ ಒಂದು ಹೋಮಿನಲ್ಲಿದ್ದಾರೆ. ಅದಕ್ಕೂ ಮೊದಲು ನಾನೂ ಅಕ್ಕನೂ ಕಂದಂಚಾವಡಿಯಿಂದ ತೊರೈಪಾಕ್ಕಂವರೆಗೆ, ಆ ಕಡೆ ವೇಳಚ್ಚೇರಿಯವರೆಗೆ ಒಂಬತ್ತು ಕಡೆ ಹೋಗಿ ನೋಡಿದ್ದೆವು.

ಮೊದಲು ಪದದ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮೂರ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ ಆಗುವ, ಅಪೆಂಡಿಕ್ಸ್ ತೆಗೆಯುವ ಸಣ್ಣ ಆಸ್ಪತ್ರೆ. ನಾವೆಲ್ಲ ಹುಟ್ಟಿದ್ದೇ ಅಲ್ಲಿ. ಕಾನೂನಿಗೂ ಹಾಗೇ ಗೊತ್ತು. 1949ರ ಬಾಂಬೆ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ ಮಾತಾಡುವುದು ರೋಗಿಗಳ ಮತ್ತು ಬಾಣಂತಿಯರ ಬಗ್ಗೆ. ಅಮೆರಿಕದವರು ನರ್ಸಿಂಗ್ ಹೋಮ್ ಅನ್ನುವುದಕ್ಕೆ, ಅಂದರೆ ವಾಸಿಯಾಗಿ ಮನೆಗೆ ಹೋಗುವ ನಿರೀಕ್ಷೆಯಿಲ್ಲದ ಮನುಷ್ಯ ವರ್ಷಗಟ್ಟಲೆ ಆರೈಕೆ ಪಡೆಯುತ್ತ ಇರುವ ಜಾಗಕ್ಕೆ, ನಮ್ಮಲ್ಲಿ ಹೆಸರೇ ಇಲ್ಲ. ವೃದ್ಧಾಶ್ರಮ ಅಂದರೆ ಗತಿಯಿಲ್ಲದವರದು ಎಂಬ ಭಾವನೆ. ಅದಕ್ಕೇ ಅಸಿಸ್ಟೆಡ್ ಲಿವಿಂಗ್, ಸೀನಿಯರ್ ಕೇರ್ ಅಂತೆಲ್ಲ ಬೋರ್ಡು. ಹೆಸರು ತಪ್ಪಿದ್ದರೆ ಏನು ನಷ್ಟ ಅನ್ನಬಹುದು. ಆಸ್ಪತ್ರೆಯಾದರೆ ಆರೋಗ್ಯ ಇಲಾಖೆ ಬರುತ್ತದೆ, ಹೋಟೆಲಾದರೆ ಆಹಾರ ಸುರಕ್ಷತೆಯವರು ಬರುತ್ತಾರೆ, ವೃದ್ಧಾಶ್ರಮವಾದರೆ ಸಮಾಜ ಕಲ್ಯಾಣದವರು. ಮೂರೂ ಸ್ವಲ್ಪ ಸ್ವಲ್ಪ ಆಗಿರುವ ಜಾಗಕ್ಕೆ ಯಾರು ಬರಬೇಕು ಎಂಬುದು ಪ್ರತಿಯೊಬ್ಬರಿಗೂ ಇನ್ನೊಬ್ಬರ ಕೆಲಸ.

ಯೋಧರಿಗೆ ಸರ್ಕಾರ ಎಲ್ಲ ಕೊಡುತ್ತೆ ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಏನೇನು ಕೊಡುತ್ತದೆ ನೋಡೋಣ. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ, ಒಳ್ಳೆಯ ಯೋಜನೆಯೇ. ದೇಶದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ, ಅಲ್ಲಿಂದ ರೆಫರಲ್ ಬರೆಸಿಕೊಂಡು ಖಾಸಗಿ ಆಸ್ಪತ್ರೆಗೆ ಹೋದರೆ ದುಡ್ಡು ಕಟ್ಟದೆ ಆಪರೇಶನ್ ಆಗುತ್ತದೆ. ದೊಡ್ಡಪ್ಪನ ಕಣ್ಣಿನ ಪೊರೆ, ಪ್ರಾಸ್ಟೇಟ್ ಎರಡೂ ಹಾಗೇ ಆದದ್ದು. ಪಿಂಚಣಿಯೂ ಇದೆ. 80 ತುಂಬಿದ ಮೇಲೆ ಮೂಲ ಪಿಂಚಣಿಯ ಮೇಲೆ 20 ಶೇಕಡಾ ಜಾಸ್ತಿ, 85ಕ್ಕೆ 30, 90ಕ್ಕೆ 40. ಆದರೆ ಈ ವ್ಯವಸ್ಥೆ ಪೂರಾ ಎರಡು ಬಗೆಯ ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಒಬ್ಬ, ಕಾಯಿಲೆ ಬಿದ್ದು ಆಸ್ಪತ್ರೆ ಸೇರಿ ಗುಣವಾಗಿ ಬರುವವನು. ಇನ್ನೊಬ್ಬ, ಗುಂಡು ತಗುಲಿ ಅಂಗ ಊನವಾದವನು. ಗುಂಡು ತಗುಲಿದವನಿಗಾಗಿ ಪುಣೆಯ ಖಡ್ಕಿಯಲ್ಲಿ 1974ರಿಂದ ಬೆನ್ನುಹುರಿ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ, ಮೊಹಾಲಿಯಲ್ಲೊಂದು ಇದೆ. ಸೇವೆಯಿಂದಲೇ 100 ಶೇಕಡಾ ಅಂಗವೈಕಲ್ಯವಾದವನಿಗೆ, ಸದಾ ಜೊತೆಗೊಬ್ಬರು ಬೇಕೆಂದು ವೈದ್ಯಕೀಯ ಮಂಡಳಿ ಹೇಳಿದರೆ, ಪರಿಚಾರಕರ ಭತ್ಯೆ ಸಿಗುತ್ತದೆ. 2017ರಲ್ಲಿ ಅದನ್ನು ತಿಂಗಳಿಗೆ 4,500ರಿಂದ 6,750 ರೂಪಾಯಿಗೆ ಏರಿಸಿದರು. 6,750ಕ್ಕೆ ಚೆನ್ನೈಯಲ್ಲಿ ಹಗಲೂ ರಾತ್ರಿ ಜೊತೆಗಿರುವ ಪರಿಚಾರಕ ಯಾರು ಎಂದು ಆ ಕಡತಕ್ಕೆ ಸಹಿ ಮಾಡಿದವರನ್ನು ಕೇಳಬೇಕು.

ಮೂರನೆಯ ಬಗೆಯವನು ಈ ಲೆಕ್ಕದಲ್ಲಿಲ್ಲ. ಯುದ್ಧ ಮುಗಿಸಿ ಮೈಯಲ್ಲಿ ಗಾಯವಿಲ್ಲದೆ ಬಂದು, ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿಯೋ ಊರಲ್ಲಿ ತೆಂಗಿನ ತೋಟ ಮಾಡಿಯೋ ಇನ್ನೊಂದು ಜೀವಮಾನ ಕಳೆದು, ಎಂಬತ್ತು ದಾಟಿ ಮಗಳ ಹೆಸರು ಮರೆತವನು. ಅವನಿಗೆ ಬೇಕಾದದ್ದು ಆಪರೇಶನ್ ಅಲ್ಲವಲ್ಲ. ಸ್ನಾನ ಮಾಡಿಸುವವರು, ಅನ್ನ ಕಲಸಿ ತಿನ್ನಿಸುವವರು, ರಾತ್ರಿ ಎದ್ದು ಬಾಗಿಲ ಕಡೆ ನಡೆದರೆ ಕೈಹಿಡಿದು ವಾಪಸು ಕರೆತರುವವರು. ಆ ತಿಂಗಳ ಬಿಲ್ಲನ್ನು ಯಾವ ಪಾಲಿಕ್ಲಿನಿಕ್ಕೂ ಪಾಸು ಮಾಡುವುದಿಲ್ಲ. ನಾವು ನೋಡಿದ ಒಂಬತ್ತರಲ್ಲಿ ಏಳು ಕಡೆ ಅದು ಒಬ್ಬ ಸುಬೇದಾರರ ಪಿಂಚಣಿಗಿಂತ ಜಾಸ್ತಿಯೇ ಇತ್ತು. ಸಿಪಾಯಿ, ನಾಯಕ್ ಆಗಿ ಹದಿನೈದು ವರ್ಷಕ್ಕೆ ಹೊರಬಂದವರ ಮಾತು ಎತ್ತುವುದೇ ಬೇಡ. ಮಿಲಿಟರಿಯವರಿಗಾಗಿ ಅಂತ ಜಾಹೀರಾತಾಗುವ ವಸತಿಗಳನ್ನು ಹೋಗಿ ನೋಡಿ, ಗಾಲ್ಫ್, ಲೈಬ್ರರಿ, ಬ್ರಿಗೇಡಿಯರ್ ಸಾಹೇಬರ ಭಾಷಣ. ದೇಶದ ಸೈನ್ಯದಲ್ಲಿ ಬಹುಪಾಲು ಜನ ಆಫೀಸರುಗಳಲ್ಲ ಅನ್ನುವುದು ಅವರಿಗೆ ಯಾರೂ ಹೇಳಿದಂತಿಲ್ಲ.

ಕರ್ನಲ್ಲರ ವಿಷಯಕ್ಕೆ ಬರುತ್ತೇನೆ. ಮಿಲಿಟರಿಯವರೇ ನಡೆಸಿದರೆ ಮಿಲಿಟರಿಯವರಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನಲ್ಲಿ ಸರ್ಕಾರವೇ ನಡೆಸುವ ಸೈನಿಕರ ಹೋಮ್ ಒಂದಿದೆ. 2020ರ ಮಾರ್ಚ್ 27ರಂದು, ಕೋವಿಡ್ ಒಳಗೆ ಬಂದಿದ್ದ ಹೊತ್ತಿನಲ್ಲಿ, ನೋಡಿಕೊಳ್ಳುವ ಜನ ಸಾಲದೆ ಮರೆವಿನ ಕಾಯಿಲೆಯವರ ಎರಡು ವಾರ್ಡುಗಳನ್ನು ಒಂದೇ ಮಾಡಿಬಿಟ್ಟರು. ಸೋಂಕಿದ್ದವರು ಇಲ್ಲದವರು ಒಟ್ಟೊಟ್ಟಿಗೆ. ಕಡೆಗೆ ಕನಿಷ್ಠ 76 ಮಂದಿ ಹಳೇ ಸೈನಿಕರು ಸತ್ತರು. ಅದೇ ವರ್ಷ ಜೂನಿನಲ್ಲಿ ಬಂದ ತನಿಖಾ ವರದಿ ಆ ನಿರ್ಧಾರವನ್ನು ಕಟುವಾಗಿ ಟೀಕಿಸಿತು. 2022ರಲ್ಲಿ ರಾಜ್ಯ ಸರ್ಕಾರ ಕುಟುಂಬಗಳ ಜೊತೆ 5.6 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆ ಹೋಮಿನ ಮುಖ್ಯಸ್ಥರು ಮರೀನ್ ಪಡೆಯ ನಿವೃತ್ತ ಲೆಫ್ಟಿನೆಂಟ್ ಕರ್ನಲ್. ಶಿಸ್ತು, ದೇಶಸೇವೆ, ಪದಕ ಎಲ್ಲವೂ ಇದ್ದವು. ಆರೈಕೆ ಕೇಂದ್ರ ನಡೆಸಿದ ಅನುಭವ ಇರಲಿಲ್ಲ.

ಬೇರೆಯವರ ದೇಶದಲ್ಲಿ ಹೀಗಾಯಿತು ಎಂದು ನಿಟ್ಟುಸಿರು ಬಿಡುವ ಮೊದಲು ಒಂದು ಗಮನಿಸಿ. ಹೋಲಿಯೋಕಿನಲ್ಲಿ ಏನಾಯಿತು ಎಂದು ಪೆರುಂಗುಡಿಯಲ್ಲಿ ಕೂತ ನನಗೆ ತಾರೀಖಿನ ಸಮೇತ ಗೊತ್ತು. ಪೆರುಂಗುಡಿಯ ಹೋಮುಗಳಲ್ಲಿ 2020, 21ರಲ್ಲಿ ಎಷ್ಟು ಜನ ತೀರಿಕೊಂಡರು? ಯಾವ ಬೋರ್ಡಿನ ಮೇಲೂ ಬರೆದಿಲ್ಲ. ನಾನು ಕೇಳಿದ ಒಂದು ಕಡೆ ಮ್ಯಾನೇಜರ್, "ಸಾರ್, ಯಾಕೆ ನೆಗೆಟಿವ್ ವಿಷಯ," ಅಂದರು.

ಅಮೆರಿಕದವರು ಈ ಕೆಲಸವನ್ನು ಹೇಗೆ ಮಾಡುತ್ತಾರೆ ಅನ್ನುವುದು ನಮ್ಮವರು ತಿಳಿಯಬೇಕಾದ್ದೇ. ಅಲ್ಲಿ 2008ರ ಡಿಸೆಂಬರಿನಿಂದ ನರ್ಸಿಂಗ್ ಹೋಮುಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುವ ಸರ್ಕಾರಿ ಪದ್ಧತಿಯಿದೆ. ಮೂರು ಆಧಾರ: ತಪಾಸಣೆಯಲ್ಲಿ ಸಿಕ್ಕ ಲೋಪಗಳು, ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಗಂಟೆ ಆರೈಕೆ ಸಿಗುತ್ತದೆ ಅನ್ನುವ ಸಿಬ್ಬಂದಿ ಲೆಕ್ಕ, ಮತ್ತು ಹಾಸಿಗೆ ಹುಣ್ಣು, ಬೀಳುವುದು, ಆಸ್ಪತ್ರೆಗೆ ಸಾಗಿಸುವುದು ಮೊದಲಾದ ಅಳತೆಗಳು. ಸಿಬ್ಬಂದಿ ಲೆಕ್ಕವನ್ನು ಮೊದಮೊದಲು ಹೋಮಿನವರೇ ಬರೆದು ಕೊಡುತ್ತಿದ್ದರು. ಬರೆದುಕೊಟ್ಟದ್ದರಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದರು. 2016ರಿಂದ ಸಂಬಳದ ದಾಖಲೆಯಿಂದಲೇ ಲೆಕ್ಕ ತೆಗೆಯುವುದು ಶುರುವಾಯಿತು, ಆಮೇಲೆ ವಾರಾಂತ್ಯದ ಲೆಕ್ಕವನ್ನು ಬೇರೆಯಾಗಿಯೇ ನೋಡತೊಡಗಿದರು. ಅಲ್ಲಿನ ಮಾಜಿ ಸೈನಿಕರ ಇಲಾಖೆ ತಾನೇ ನಡೆಸುವ 130ಕ್ಕೂ ಹೆಚ್ಚು ಆರೈಕೆ ಕೇಂದ್ರಗಳ ನಕ್ಷತ್ರಗಳನ್ನು ಬಹಳ ಕಾಲ ತನ್ನಲ್ಲೇ ಇಟ್ಟುಕೊಂಡಿತ್ತು. 2018ರಲ್ಲಿ ಪತ್ರಿಕೆಗಳು ಬೆನ್ನುಹತ್ತಿದ ಮೇಲೆ ಹೊರಗೆ ಹಾಕಿತು. ಅಂದರೆ ಅವರಲ್ಲೂ ಯಾರೂ ತಾವಾಗಿ ಸಾಚಾ ಆದವರಲ್ಲ. ಕೇಳುವವರಿದ್ದರು.

ನಮ್ಮಲ್ಲಿ ನಕ್ಷತ್ರ ಕೊಡುವುದು ಗೂಗಲ್. ಕೊಡುವವರು ಯಾರು? ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಂದು, ಜೆಟ್‌ಲ್ಯಾಗಿನ ಕಣ್ಣಲ್ಲಿ ಎರಡು ಗಂಟೆ ಕೂತು ಹೋಗುವ ಮಕ್ಕಳು. ಒಳಗಿರುವ ಮುದುಕರ ಕೈಯಲ್ಲಿ ಫೋನಿಲ್ಲ.

ದೊಡ್ಡಪ್ಪನಿಗೆ ತಪಾಸಣೆ ಅಂದರೇನು ಎಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಕಾಯಿಲೆ ಅಷ್ಟು ಜೋರಾಗುವ ಮೊದಲು ಹೇಳುತ್ತಿದ್ದರು: "ಜನರಲ್ ಸಾಬ್ ಬರ್ತಾರೆ ಅಂದ್ರೆ ವಾರದ ಮುಂಚಿಂದ ಸುಣ್ಣ, ಕೆಮ್ಮಣ್ಣು. ಕಲ್ಲಿಗೂ ಬಳಿಯೋದು, ಮರಕ್ಕೂ ಬಳಿಯೋದು. ನಿಂತ್ಕಂಡಿದ್ರೆ ನಮಗೂ ಬಳಿಯೋರು. ಅದು ಇನ್ಸ್‌ಪೆಕ್ಷನ್ ಅಲ್ಲ ಮಗಾ. ನಮ್ಮ ಕಂಪನಿ ಕಮಾಂಡರ್ ಒಬ್ರಿದ್ರು, ಬೆಳಗಿನ ಜಾವ ನಾಕು ಗಂಟೆಗೆ ಲಂಗರಿಗೆ ಬಂದು ಪಾತ್ರೆ ಒಳಗೆ ಕೈಯಾಡಿಸೋರು, ಆಮೇಲೆ ಕಕ್ಕಸ್ ನೋಡೋರು. ಅದು ಇನ್ಸ್‌ಪೆಕ್ಷನ್ನು."

ನಾವು ಮಾಡುವುದು ಸುಣ್ಣ ಕೆಮ್ಮಣ್ಣಿನ ತಪಾಸಣೆ. ಫೋನ್ ಮಾಡಿ, ಶನಿವಾರ ಹನ್ನೊಂದಕ್ಕೆ ಬರ್ತೀವಿ ಅಂತ ಹೇಳಿ, ಹನ್ನೊಂದಕ್ಕೇ ಹೋಗುತ್ತೇವೆ. ಮ್ಯಾನೇಜರ್ ಕಾಫಿ ಕೊಡುತ್ತಾರೆ. ಹೊಸ ಮಂಚ, ರಿಮೋಟಿನಲ್ಲಿ ಏಳುವ ತಲೆದೆಸೆ, ಫಿಸಿಯೋಥೆರಪಿ ರೂಮು, ಗೋಡೆಯ ಮೇಲೆ ಸ್ವಾತಂತ್ರ್ಯ ದಿನಾಚರಣೆಯ ಫೋಟೋ. ಆ ಫೋಟೋದಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿದ ಹಳೇ ಸೈನಿಕರಿಗೆ ಶಾಲು ಹೊದಿಸಿರುತ್ತಾರೆ. ಕೊರಳ ಮಟ್ಟಕ್ಕೆ ಶಾಲು ಚೆನ್ನಾಗಿ ಕಾಣುತ್ತದೆ. ನೋಡಬೇಕಾದದ್ದು ಹಿಮ್ಮಡಿ.

ಹಿಮ್ಮಡಿ, ಸೊಂಟದ ಹಿಂಬದಿಯ ಮೂಳೆ, ತೊಡೆಯ ಪಕ್ಕದ ಎಲುಬು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಹಾಸಿಗೆ ಹುಣ್ಣು ಮೊದಲು ಏಳುವುದು ಅಲ್ಲಿ. ಪುಸ್ತಕಗಳಲ್ಲಿ ಕೆಂಪಾಗುತ್ತದೆ ಅಂತ ಬರೆದಿರುತ್ತಾರೆ, ಅದು ಬಿಳಿಯ ಚರ್ಮದವರಿಗೆ. ನಮ್ಮ ಕಪ್ಪು, ಕಂದು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಮುಟ್ಟಿ ನೋಡಬೇಕು. ಸುತ್ತಲಿಗಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ಅವರು ಮುಖ ಕಿವುಚುತ್ತಾರೆಯೇ. ಹೊರಗೆ ಎಂಟಾಣೆ ಅಗಲ ಕಂಡರೆ ಒಳಗೆ ಎಷ್ಟು ಆಳ ಹೋಗಿದೆಯೋ ಹೇಳಲಾಗದು, ಎಲುಬಿನವರೆಗೂ ಹೋಗಬಹುದು. ಔಷಧಿಯಿಂದ ಇದನ್ನು ತಡೆಯಲಾಗುವುದಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ತೆಗೆಯಬೇಕು, ಹೊಟ್ಟೆಗೆ ಸರಿಯಾಗಿ ಹಾಕಬೇಕು. ಎರಡೆರಡು ಗಂಟೆಗೆ ಅನ್ನುವುದು ಎಲ್ಲ ಹೋಮಿನವರೂ ಹೇಳುವ ಮಂತ್ರ. ಈಗ ಲೆಕ್ಕ ಹಾಕಿ. ಒಂದು ಮಹಡಿಯಲ್ಲಿ ತಾವಾಗಿ ಹೊರಳಲಾರದವರು 12 ಜನ. ಒಬ್ಬರನ್ನು ಹೊರಳಿಸಿ, ಒದ್ದೆ ನೋಡಿ, ಹೊದಿಸಲು 10 ನಿಮಿಷ. ಒಂದು ಸುತ್ತಿಗೆ 120 ನಿಮಿಷ, ಅಂದರೆ ಸರಿಯಾಗಿ ಎರಡು ಗಂಟೆ. ರಾತ್ರಿ ಒಬ್ಬಳೇ ಹುಡುಗಿ ಇದ್ದರೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಮುಂದಿನದು ಶುರು ಮಾಡಬೇಕು, ಬೆಳಗಾಗುವ ತನಕ, ಒಂದು ಲೋಟ ನೀರು ಕುಡಿಯದೆ. ಅದರ ನಡುವೆ ಯಾರಾದರೂ ಬಿದ್ದರೆ, ಯಾರಾದರೂ ಬೆಲ್ ಒತ್ತಿದರೆ, ಆ ಸುತ್ತು ಹೋಯಿತು. ಬೆಳಿಗ್ಗೆ ಚಾರ್ಟಿನಲ್ಲಿ ಮಾತ್ರ 10, 12, 2, 4 ಗಂಟೆಗೆ ಟಿಕ್ ಬಿದ್ದಿರುತ್ತದೆ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ.

ಈ ಲೆಕ್ಕ ಹಾಕಲು ನಮಗೆ ವೈದ್ಯಕೀಯ ಬೇಕಿಲ್ಲ. ಕೆಪಾಸಿಟಿ ಪ್ಲ್ಯಾನಿಂಗ್ ಅಂತ ಸರ್ವರ್‌ಗಳಿಗೆ ದಿನಾ ಮಾಡುವುದು ಇದನ್ನೇ.

ಆ್ಯಪ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದನ್ನು ಕೊಂಡುಕೊಳ್ಳುವವರು ನಾವೇ. ದೊಡ್ಡಪ್ಪನಿರುವ ಹೋಮಿನಲ್ಲಿ ಬೆಳಿಗ್ಗೆ ಆರಕ್ಕೆ ಬಿಪಿ, ನಾಡಿ, ಆಕ್ಸಿಜನ್, ತಿಂಡಿ ಎಷ್ಟು ತಿಂದರು, ಮೂಡ್ ಹೇಗಿದೆ, ಎಲ್ಲ ಫೋನಿಗೆ ಬರುತ್ತದೆ. ಹೋದ ಜುಲೈಯಲ್ಲಿ ಮೂತ್ರದ ಸೋಂಕಾಗಿ ಅವರನ್ನು ಎರಡು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಅಕ್ಕ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದಾಗ ಫೋನಿಗೆ ಬಂತು: ಬಿಪಿ 124/78, ಇಡ್ಲಿ ಮೂರು, ಮೂಡ್ ಖುಷಿ. ಮಾರನೆಯ ದಿನವೂ ಬಂತು. ಅವತ್ತು ಉಪ್ಪಿಟ್ಟು. ಅಕ್ಕ ಅದರ ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರಿಗೆ ಕಳಿಸಿದಳು. ಸಿಸ್ಟಂ ಎರರ್ ಅಂದರು. ಸಿಸ್ಟಂ ತಾನಾಗಿ ಉಪ್ಪಿಟ್ಟು ತಿನ್ನುವುದಿಲ್ಲ. ಬೆಳಗಿನ ಆರು ಗಂಟೆಗೆ 38 ಜನರ ಫಾರಂ ತುಂಬಬೇಕಾದ ಹುಡುಗಿ, ತುಂಬದಿದ್ದರೆ ಸಂಬಳ ಹಿಡಿಯುತ್ತಾರೆ ಎಂದು, ನಿನ್ನೆಯದನ್ನೇ ಸ್ವಲ್ಪ ತಿದ್ದಿ ಹಾಕಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಫಾರಂ ತುಂಬುವ ಅರ್ಧ ಗಂಟೆ ಅವಳು ಕದ್ದದ್ದು ದೊಡ್ಡಪ್ಪನಂಥವರಿಂದ, ಕದಿಯಲು ಹಚ್ಚಿದವರು ಡ್ಯಾಶ್‌ಬೋರ್ಡ್ ಇಲ್ಲದಿದ್ದರೆ ನೆಮ್ಮದಿಯಿಲ್ಲದ ನಮ್ಮಂಥ ಗಿರಾಕಿಗಳು.

ಮಲಗಿಸಿಡುವ ಮಾತ್ರೆಯದು ಇನ್ನೊಂದು ಕತೆ. ಮರೆವಿನ ಕಾಯಿಲೆಯ ಮುದುಕರಿಗೆ ಮನೋರೋಗದ ಕೆಲವು ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಕೊಡಲೇಬಾರದು ಅಂತಲ್ಲ, ಯಾಕೆ ಕೊಡುತ್ತಿದ್ದೀರಿ, ಎಷ್ಟು ದಿನ, ನಿಲ್ಲಿಸುವುದು ಯಾವಾಗ ಎಂದು ಪ್ರತಿ ಸಲ ಕೇಳಬೇಕು. ರಾತ್ರಿ ಎದ್ದು ಓಡಾಡುವ ಹಳೇ ಸೈನಿಕನಿಗೆ ಈ ಮಾತ್ರೆ ಬಹಳ ಬೇಗ ಬರುತ್ತದೆ. ಅವನು ಓಡಾಡುವುದಕ್ಕೆ ಕಾರಣ ಇರಬಹುದು ಎಂದು ನೋಡುವ ವ್ಯವಧಾನ ಯಾರಿಗಿದೆ? ಒಂದು ಸಂಜೆ ನಾನಿದ್ದಾಗಲೇ ದೊಡ್ಡಪ್ಪ ಕಿಟಕಿ ಹತ್ತಿರ ನಿಂತು, "ಸಂತ್ರಿ ಬದಲಾಗಿಲ್ಲ, ಯಾರ ಡ್ಯೂಟಿ ಇದು?" ಅಂತ ಕೇಳಿದರು. ಕನ್ನಡದಲ್ಲಿ. ಕೋಣೆಯಲ್ಲಿದ್ದ ಹುಡುಗಿ ಜಾರ್ಖಂಡಿನವಳು. ತಾತಾ ಗಲಾಟೆ ಮಾಡ್ತಿದ್ದಾರೆ ಅಂತ ನರ್ಸಿಗೆ ಹೇಳಲು ಹೊರಟಳು. ನಾನು, "ಬದಲಾಯ್ತು ದೊಡ್ಡಪ್ಪ, ಈಗ ನಂದೇ ಡ್ಯೂಟಿ," ಅಂದೆ. ಮಲಗಿದರು. ಮಾತ್ರೆ ಬೇಕಾಗಲಿಲ್ಲ.

ಭಾಷೆಯ ವಿಷಯ ಬರೀ ಅಭಿಮಾನದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಮೊದಲ ವರ್ಷ ಎಲ್ಲ ಸುಸೂತ್ರವಾಗಿತ್ತು. ಮದ್ರಾಸ್ ಸ್ಯಾಪರ್ಸಿನಲ್ಲಿ 28 ವರ್ಷ ಇದ್ದವರಿಗೆ ತಮಿಳು ಬರುತ್ತಿತ್ತು, ಫೌಜಿ ಹಿಂದಿ ಬರುತ್ತಿತ್ತು. ತಮಿಳು ನರ್ಸಿನ ಜೊತೆ ತಮಿಳು, ಜಾರ್ಖಂಡಿನ, ಅಸ್ಸಾಮಿನ ಹುಡುಗಿಯರ ಜೊತೆ ಹಿಂದಿ. ಕನ್ನಡಿಗ ಸುಬೇದಾರ್ ಚೆನ್ನೈಯಲ್ಲಿ ಕೂತು ಆದಿವಾಸಿ ಹುಡುಗಿಯೊಬ್ಬಳ ಜೊತೆ ಹಿಂದಿಯಲ್ಲಿ ಲೋಕಾಭಿರಾಮ ಮಾತಾಡುವುದು ನೋಡಲು ಚೆಂದವಿತ್ತು. ಆದರೆ ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಸಡಿಲವಾಗುವುದುಂಟು. ಹಿಂದಿ ಹೋಯಿತು, ತಮಿಳು ತೇಲಿ ಮುಳುಗಿ ಹೋಯಿತು. ಈಗ ಉಳಿದಿರುವುದು ಹಾಸನದ ಕನ್ನಡ, ಅದೂ ತುಂಡು ತುಂಡು. ಉಚ್ಚೆ ಬಂತು ಅನ್ನುವುದು ಅರ್ಥವಾಗದಿದ್ದರೆ ಬಟ್ಟೆ ಒದ್ದೆ, ಒದ್ದೆಯಾದರೆ ಡೈಪರ್, ಡೈಪರ್ ಬದಲಿಸದಿದ್ದರೆ ಸೋಂಕು, ಸೋಂಕಾದರೆ ಆಸ್ಪತ್ರೆ. ಜುಲೈಯಲ್ಲಿ ಆದದ್ದು ಅದೇ. ಅವರ ಮರೆವನ್ನು ಅಳೆದದ್ದೂ ಹೀಗೇ: ತಮಿಳಿನಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಎಂದು ಅಂಕ ಕಳೆದರು. ಐಸಿಎಂಆರ್ ನಮ್ಮ ಭಾಷೆಗಳಿಗೆಂದೇ ರೂಪಿಸಿದ ಮರೆವಿನ ಪರೀಕ್ಷೆಯಲ್ಲಿ ಕನ್ನಡದ್ದೂ ಇದೆ. ಅದನ್ನು ತರಿಸಿ ಮಾಡಿ ಎಂದು ನಾವು ಕೇಳಬೇಕಾಯಿತು. ಅಕ್ಕ ಒಂದು ಹಾಳೆಯಲ್ಲಿ ಇಪ್ಪತ್ತು ಕನ್ನಡ ಮಾತುಗಳನ್ನು ತಮಿಳು, ಹಿಂದಿ ಲಿಪಿಯಲ್ಲಿ ಬರೆದು ಮಂಚದ ತಲೆದೆಸೆಗೆ ಅಂಟಿಸಿದ್ದಾಳೆ: ನೀರು, ಉಚ್ಚೆ, ನೋವು, ಸೆಖೆ, ಸಾಕು. ಟಿ. ನಗರದ ಕರ್ನಾಟಕ ಸಂಘದಿಂದ ಹಿಡಿದು ನಮ್ಮ ಎಲ್ಲ ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ಮಾಡುವ ಖರ್ಚಿನಲ್ಲಿ ಒಂದು ಪಾಲು ತೆಗೆದು ಇಂಥ ಹಾಳೆಗಳನ್ನು ಅಚ್ಚು ಹಾಕಿಸಿದರೆ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಪೆರುಂಗುಡಿಯಲ್ಲಿ ಹೋಮ್ ನೋಡುವವರು ಕೇಳಲೇಬೇಕಾದ ಇನ್ನೊಂದಿದೆ, ಅದು ನೀರು. ಈ ಊರು ಪಳ್ಳಿಕರಣೈ ಜವುಗಿನ ಅಂಚಿನಲ್ಲಿದೆ. 2015ರ ಡಿಸೆಂಬರ್, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಎರಡೂ ಸಲ ಈ ಕಡೆಯ ಬೀದಿಗಳಲ್ಲಿ ದೋಣಿ ಓಡಿದವು. 2015ರಲ್ಲಿ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲೇ ನೀರು ನುಗ್ಗಿ ಕರೆಂಟು ಹೋಗಿ, ಆ ದಿನಗಳಲ್ಲಿ ಐಸಿಯು ರೋಗಿಗಳು ತೀರಿಕೊಂಡದ್ದು ಸುದ್ದಿಯಾಗಿತ್ತು. ನಾವು ನೋಡಿದ ಒಂಬತ್ತು ಹೋಮುಗಳಲ್ಲಿ ಐದು ಕಡೆ ಜನರೇಟರ್ ನೆಲಮಟ್ಟದಲ್ಲೋ ಬೇಸ್‌ಮೆಂಟಿನಲ್ಲೋ ಇತ್ತು. ಲಿಫ್ಟ್ ನಿಂತರೆ ನಾಲ್ಕನೇ ಮಹಡಿಯಿಂದ ಹಾಸಿಗೆ ಹಿಡಿದವರನ್ನು ಹೇಗೆ ಇಳಿಸುತ್ತೀರಿ ಅಂದರೆ ಒಬ್ಬರು, "ಅಷ್ಟೆಲ್ಲ ಆಗಲ್ಲ ಸಾರ್," ಅಂದರು. ಕಸದ ಗುಡ್ಡೆಯ ಮಾತು ಬೇರೆ. 2022ರ ಏಪ್ರಿಲ್ ಕೊನೆಯಲ್ಲಿ ಪೆರುಂಗುಡಿ ಡಂಪ್‌ಯಾರ್ಡಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಉಬ್ಬಸದ ಮುದುಕರಿರುವ ಮನೆಗೆ ಕಿಟಕಿ ಯಾವ ದಿಕ್ಕಿಗಿದೆ ಅನ್ನುವುದು ವಾಸ್ತುವಿನ ಪ್ರಶ್ನೆ ಅಲ್ಲ.

ಇಷ್ಟೆಲ್ಲ ಯಾಕೆ, ಮನೆಯಲ್ಲೇ ಇಟ್ಟುಕೊಳ್ಳಬಾರದೇ ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಕಮ್ಮಿ. ದೊಡ್ಡಮ್ಮ ಆರು ವರ್ಷ ಊರಲ್ಲಿ ಒಬ್ಬರೇ ನೋಡಿಕೊಂಡರು. ಎತ್ತಿ ಕೂರಿಸಲು ಹೋಗಿ ಬಿದ್ದು ಸೊಂಟ ಮುರಿದುಕೊಂಡ ದಿನಕ್ಕೆ ಅವರಿಗೆ 76. ಮನೆಯಲ್ಲೇ ಅನ್ನುವಾಗ ಯಾರ ಸೊಂಟದ ಮೇಲೆ ಅನ್ನುವುದನ್ನೂ ಸೇರಿಸಿ ಹೇಳಬೇಕು. ಹೆಚ್ಚಿನಂಶ ಅದು ಹೆಂಡತಿಯದು, ಇಲ್ಲ ಸೊಸೆಯದು. ಹಾಗೆ ಹೇಳುವ ಗಂಡಸರಲ್ಲಿ ಒಬ್ಬರೂ ತಮ್ಮ ತಂದೆಗೆ ಡೈಪರ್ ಹಾಕಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಯಾರು ಏನು ಮಾಡಬೇಕು? 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದಾದರೂ, ಕನಿಷ್ಠ 150 ಜನರ ವೃದ್ಧಾಶ್ರಮ ಕಟ್ಟಬಹುದು ಅನ್ನುತ್ತದೆ, ಅದೂ ನಿರ್ಗತಿಕರಿಗೆ. ಕಟ್ಟಬೇಕು ಅನ್ನುವುದಿಲ್ಲ. ಖಾಸಗಿ ಆರೈಕೆ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ, ಮನೆಗೆ ಬರುವ ಪರಿಚಾರಕರ ಏಜೆನ್ಸಿಗಳ ನಿಯಂತ್ರಣ ಇವೆಲ್ಲ ಇದ್ದ ತಿದ್ದುಪಡಿ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ಅದು ಕಾಯ್ದೆಯಾಗದೆಯೇ ಆ ಲೋಕಸಭೆ ಮುಗಿಯಿತು. ಅಷ್ಟರಲ್ಲಿ ಸೈನಿಕರ ಹೆಸರಿನಲ್ಲಿ ಎಷ್ಟು ಭಾಷಣಗಳಾದವು ಎಂದು ಎಣಿಸಿಕೊಳ್ಳಿ.

ಸಂಸತ್ತಿಗೆ ಕಾಯದೆಯೂ ಆಗುವ ಕೆಲಸವಿದೆ. ಇಸಿಎಚ್‌ಎಸ್‌ನವರು ಆಸ್ಪತ್ರೆಗಳನ್ನು ಪಟ್ಟಿಗೆ ಸೇರಿಸಿಕೊಳ್ಳುವಾಗ ಗುಣಮಟ್ಟದ ಸರ್ಟಿಫಿಕೇಟ್ ಕೇಳುತ್ತಾರೆ, ತಂಡ ಕಳಿಸುತ್ತಾರೆ, ದರ ನಿಗದಿ ಮಾಡುತ್ತಾರೆ. ಆ ಕೈಯೇ ದೀರ್ಘಕಾಲದ ಆರೈಕೆಗೂ ಚಾಚಲಿ. ಪೂರ್ತಿ ಬಿಲ್ಲು ಕೊಡಬೇಕೆಂದು ನಾನು ಕೇಳುತ್ತಿಲ್ಲ. ತಿಂಗಳಿಗೊಂದು ಮೊತ್ತ ಕೊಡಿ, ಅದನ್ನು ಪಡೆಯುವ ಹೋಮು ಮೂರು ಸಂಗತಿಗಳನ್ನು ಬಾಗಿಲಲ್ಲಿ ಬರೆದು ಹಾಕಲಿ ಎಂದು ಷರತ್ತು ಹಾಕಿ: ನಿನ್ನೆ ರಾತ್ರಿ ಎಷ್ಟು ಜನ ಕೆಲಸದಲ್ಲಿದ್ದರು, ಈ ತಿಂಗಳು ಇಲ್ಲೇ ಬಂದ ಹಾಸಿಗೆ ಹುಣ್ಣು ಎಷ್ಟು, ಎಷ್ಟು ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ರಾತ್ರಿಯ ಲೆಕ್ಕ ಸಂಬಳದ ರಿಜಿಸ್ಟರಿನಿಂದ ಬರಲಿ. ಜಿಲ್ಲೆ ಜಿಲ್ಲೆಯಲ್ಲಿ ಸೈನಿಕ ಕಲ್ಯಾಣದ ಕಚೇರಿಗಳಿವೆ. ಮಾಜಿ ಸೈನಿಕರೇ ಅಲ್ಲಿ ಕೂತಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಲಂಗರಿಗೆ ಹೋಗಿ ಪಾತ್ರೆ ನೋಡುವ ಅಭ್ಯಾಸ ಇದ್ದವರು ಅವರಲ್ಲಿ ಇನ್ನೂ ಸಿಕ್ಕಾರು. ತಮಿಳುನಾಡಿನ ಹೋಮಿನಲ್ಲಿರುವ ಕರ್ನಾಟಕದ ಸೈನಿಕ ಯಾರ ಜವಾಬ್ದಾರಿ ಎಂಬ ತಕರಾರು ಬರುತ್ತದೆ, ಗೊತ್ತು. 71ರಲ್ಲಿ ಮೈನ್ ತೆಗೆಯುವಾಗ ಆ ತಕರಾರು ಬಂದಿರಲಿಲ್ಲ.

ನಮ್ಮ ಪಾಲಿನದೂ ಇದೆ. 12 ಗಂಟೆಯ ಪಾಳಿ, ತಿಂಗಳಿಗೆ ಎರಡು ರಜೆ, ಮಹಡಿಯ ಮೇಲೆ ಎಂಟು ಜನಕ್ಕೊಂದು ಕೋಣೆ, ಅದರಲ್ಲಿ ಮಲಗೆದ್ದು ಬಂದು ನಮ್ಮ ತಂದೆಯನ್ನು ಎತ್ತುವ ಹುಡುಗಿಯ ಸಂಬಳ ಎಷ್ಟು ಎಂದು ಕೇಳದೆ, ತಿಂಗಳ ಫೀಸಿನಲ್ಲಿ ಐದು ಸಾವಿರ ಚೌಕಾಶಿ ಮಾಡಿ ಗೆದ್ದೆವು ಅಂದುಕೊಳ್ಳುವವರು ನಾವು. ಆ ಐದು ಸಾವಿರ ಲಾಬಿಯ ಗಿಡಗಳಿಂದ ಕಡಿತವಾಗುವುದಿಲ್ಲ.

ನಾನೂ ಅಕ್ಕನೂ ಈಗ ಒಪ್ಪಂದ ನವೀಕರಿಸುವಾಗ ಎರಡು ಸಾಲು ಸೇರಿಸಿ ಎಂದು ಕೂತಿದ್ದೇವೆ. ಒಂದು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆ ಮಹಡಿಯಲ್ಲಿ ಮೂವರಿಗಿಂತ ಕಡಿಮೆ ಇರಬಾರದು, ಹಾಜರಿ ಪುಸ್ತಕ ಕೇಳಿದಾಗ ತೋರಿಸಬೇಕು. ಎರಡು, ಮನೆಯವರು ಯಾವ ಹೊತ್ತಿಗೆ ಬಂದರೂ ಒಳಗೆ ಬಿಡಬೇಕು. ಎರಡನೆಯದಕ್ಕೆ ಮ್ಯಾನೇಜರ್ ಒಪ್ಪಿದ್ದಾರೆ. ಮೊದಲನೆಯದಕ್ಕೆ ಹೆಡ್ ಆಫೀಸನ್ನು ಕೇಳಬೇಕಂತೆ. ಮೂರು ವಾರವಾಯಿತು. ಈ ವಾರದ ಸರದಿ ನನ್ನದು. ಬೆಳಗಿನ ಜಾವ ಮೂರೂವರೆಗೆ ಅಲಾರಂ ಇಟ್ಟಿದ್ದೇನೆ, ಹೇಳದೆ ಹೋಗುತ್ತೇನೆ.